ಹಳೆಯ ಪಿಕಪ್ ಟ್ರಕ್ಕಿನ ಬಾಡಿ ಜೀರ್ಣೋದ್ಧಾರ

ಹಳೆಯ ಪಿಕಪ್ ಟ್ರಕ್ಕಿನ ಬಾಡಿ ಜೀರ್ಣೋದ್ಧಾರ ಎಂದರೆ ದಶಕಗಳಷ್ಟು ಹಳೆಯದಾದ ಪಿಕಪ್ ವಾಹನದ ತಗಡಿನ ಭಾಗಗಳಿಂದ ತುಕ್ಕು, ತಗ್ಗು ಹಾಗೂ ಹಿಂದಿನ ಅರೆಬರೆ ದುರಸ್ತಿಗಳನ್ನು ನಿವಾರಿಸಿ, ಅವುಗಳನ್ನು ಮೂಲದ ಆಕಾರಕ್ಕೂ ಬಲಕ್ಕೂ ಮರಳಿಸುವ ಕೆಲಸ. ಎಂಜಿನ್, ಬ್ರೇಕ್ ಮತ್ತು ವಿದ್ಯುತ್ ವ್ಯವಸ್ಥೆಗಳ ದುರಸ್ತಿಯಿಂದ ಇದನ್ನು ಪ್ರತ್ಯೇಕವಾಗಿ ಪರಿಗಣಿಸಲಾಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮನೆಯ ಗ್ಯಾರೇಜಿನಲ್ಲೇ ಇದನ್ನು ಕೈಗೊಳ್ಳುವ ಹವ್ಯಾಸಿಗಳ ಸಂಖ್ಯೆ ದೊಡ್ಡದು. ನೋಡುವವರ ಕಣ್ಣಿಗೆ ಬೀಳುವುದು ಬಣ್ಣವಾದರೂ ಅದು ಈ ಕೆಲಸದ ಕೊನೆಯ ಹಂತ. ಬಾಗಿಲು ಸರಿಯಾಗಿ ಮುಚ್ಚುತ್ತದೆಯೇ, ತುಕ್ಕು ಮರಳಿ ಬರುತ್ತದೆಯೇ ಎಂಬುದು ಬಣ್ಣಕ್ಕಿಂತ ಬಹಳ ಮೊದಲು, ತಗಡನ್ನು ಕತ್ತರಿಸಿ ಬೆಸೆಯುವ ಹಂತದಲ್ಲೇ ನಿರ್ಧಾರವಾಗಿರುತ್ತದೆ.

ಪ್ರತಿಯೊಂದು ವಾಹನದ ರಚನೆಯೂ ಬೇರೆಯಾದ್ದರಿಂದ ಈ ಲೇಖನದಲ್ಲಿ ಷೆವರ್ಲೆ ಕಂಪನಿಯು 1947ರಿಂದ 1955ರ ಆರಂಭದವರೆಗೆ ತಯಾರಿಸಿದ ‘ಅಡ್ವಾನ್ಸ್ ಡಿಸೈನ್’ ಸರಣಿಯ ಪಿಕಪ್‌ಗಳನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಹೇಳಿರುವ ವಿಧಾನಗಳು ಅದೇ ಕಾಲದ ಫೋರ್ಡ್ ಎಫ್-ಸರಣಿ ಮತ್ತು ಡಾಡ್ಜ್ ಪಿಕಪ್‌ಗಳಿಗೂ ಬಹುಪಾಲು ಅನ್ವಯಿಸುತ್ತವೆ.

ಉದಾಹರಣೆಯ ವಾಹನ

ಎರಡನೆಯ ಮಹಾಯುದ್ಧದ ನಂತರ ಜನರಲ್ ಮೋಟಾರ್ಸ್ ಹೊಸದಾಗಿ ವಿನ್ಯಾಸಗೊಳಿಸಿದ ಮೊದಲ ವಾಹನಗಳಲ್ಲಿ ಅಡ್ವಾನ್ಸ್ ಡಿಸೈನ್ ಪಿಕಪ್ ಒಂದು. ಅರ್ಧ ಟನ್ ವರ್ಗದ 3100, ಮುಕ್ಕಾಲು ಟನ್ನಿನ 3600 ಮತ್ತು ಒಂದು ಟನ್ನಿನ 3800 ಇದರ ಮುಖ್ಯ ಮಾದರಿಗಳು. 1953ರವರೆಗಿನ ವಾಹನಗಳ ಮುಂಭಾಗದಲ್ಲಿ ಐದು ಅಡ್ಡಪಟ್ಟಿಗಳ ಜಾಲರಿಯೂ ಎರಡು ತುಂಡುಗಳ ಮುಂಗಾಜೂ ಇದ್ದವು. 1954ರಲ್ಲಿ ಜಾಲರಿ ಬದಲಾಯಿತು, ಮುಂಗಾಜು ಒಂದೇ ತುಂಡಾಯಿತು. ದುಬಾರಿ ಕ್ಯಾಬ್‌ಗಳಲ್ಲಿ ಹಿಂಬದಿಯ ಎರಡೂ ಮೂಲೆಗಳಿಗೆ ಬಾಗಿದ ಗಾಜಿನ ಕಿಟಕಿಗಳಿದ್ದವು. ಹವ್ಯಾಸಿಗಳು ಇಂತಹವನ್ನು ‘ಐದು ಕಿಟಕಿಯ ಕ್ಯಾಬ್’ ಎಂದು ಕರೆಯುತ್ತಾರೆ.

ಮನೆಯಲ್ಲಿ ಕೆಲಸ ಮಾಡುವವರಿಗೆ ಈ ಸರಣಿ ಅನುಕೂಲಕರವಾಗಿರುವುದಕ್ಕೆ ಅದರ ರಚನೆಯೇ ಕಾರಣ. ಬಾಡಿಯು ಏಣಿಯಾಕಾರದ ಪ್ರತ್ಯೇಕ ಚಾಸಿಯ ಮೇಲೆ ಕುಳಿತಿದೆ. ಬಾನೆಟ್, ನಾಲ್ಕೂ ಮಡ್‌ಗಾರ್ಡ್‌ಗಳು, ಬಾಗಿಲ ಕೆಳಗಿನ ಫುಟ್‌ಬೋರ್ಡ್‌ಗಳು ಮತ್ತು ಹಿಂದಿನ ಸರಕು ತೊಟ್ಟಿ ಎಲ್ಲವನ್ನೂ ಬೋಲ್ಟುಗಳಿಂದ ಬಿಗಿಯಲಾಗಿದೆ. ಕ್ಯಾಬ್ ಮತ್ತು ತೊಟ್ಟಿಯನ್ನು ಬಿಟ್ಟರೆ ಉಳಿದ ಭಾಗಗಳನ್ನು ಇಬ್ಬರು ಕಳಚಿ ಎತ್ತಿಡಬಹುದು. ತಗಡು 1 ಮಿ.ಮೀ.ನ ಆಸುಪಾಸಿನ ದಪ್ಪವಿದ್ದು, ಇಂದಿನ ಕಾರುಗಳ ತೆಳು ತಗಡಿಗಿಂತ ಸುತ್ತಿಗೆ ಮತ್ತು ಬೆಸುಗೆಯ ಏಟನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ತುಕ್ಕು ಹಿಡಿಯುವ ಬಹುತೇಕ ಭಾಗಗಳ ಹೊಸ ಪ್ರತಿರೂಪಗಳು ಅಮೆರಿಕದ ಮಾರುಕಟ್ಟೆಯಲ್ಲಿ ಸಿದ್ಧವಾಗಿ ದೊರೆಯುತ್ತವೆ.

ತುಕ್ಕು ಎಲ್ಲಿ, ಏಕೆ

ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಎರಡೂ ತಗುಲಿದಾಗ ತುಕ್ಕು ಉಂಟಾಗುತ್ತದೆ. ನೀರಿನಲ್ಲಿ ಉಪ್ಪು ಕರಗಿದ್ದರೆ ಅದರ ವಿದ್ಯುದ್ವಾಹಕತೆ ಹೆಚ್ಚಿ ಕ್ರಿಯೆ ತೀವ್ರಗೊಳ್ಳುತ್ತದೆ. ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಚೆಲ್ಲುವ ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಬಳಕೆಯಾದ ವಾಹನಗಳು ಹೆಚ್ಚು ಶಿಥಿಲವಾಗಿರುವುದಕ್ಕೂ, ಅರಿಜೋನಾ, ನ್ಯೂ ಮೆಕ್ಸಿಕೊದಂತಹ ಒಣ ರಾಜ್ಯಗಳ ಹಳೆಯ ಕ್ಯಾಬ್‌ಗಳಿಗೆ ಬೇಡಿಕೆ ಇರುವುದಕ್ಕೂ ಇದೇ ಕಾರಣ. ಆ ಕಾಲದ ತಗಡಿಗೆ ಸತುವಿನ ಲೇಪನವಿರಲಿಲ್ಲ. ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನ ಸಹಾಯದಿಂದ ಸಂದುಗೊಂದುಗಳಿಗೂ ಲೇಪಿಸುವ ಪದ್ಧತಿ ಇನ್ನೂ ಬಂದಿರಲಿಲ್ಲ.

ತುಕ್ಕು ಹಿಡಿಯುವ ಜಾಗಗಳು ಎಲ್ಲ ವಾಹನಗಳಲ್ಲೂ ಬಹುಮಟ್ಟಿಗೆ ಒಂದೇ. ಕ್ಯಾಬಿನ ಹಿಂಬದಿಯ ಕೆಳ ಮೂಲೆಗಳು, ಬಾಗಿಲಿನ ಹೊಸ್ತಿಲು, ಚಾಲಕನ ಕಾಲಿಡುವ ನೆಲ, ಬಾಗಿಲ ಕೀಲುಗಳ ಕೆಳಗಿನ ಮುಂಗಂಬ, ಬಾಗಿಲಿನ ಕೆಳ ಅಂಚು ಮತ್ತು ಮುಂದಿನ ಮಡ್‌ಗಾರ್ಡಿನ ಹಿಂಭಾಗದಲ್ಲಿ ಕೆಸರು ಕೂರುವ ಸಂದು ಇವು ಪ್ರಮುಖ ಸ್ಥಳಗಳು. ಇವೆಲ್ಲವೂ ಒಂದೋ ಎರಡು ತಗಡುಗಳು ಒಂದರ ಮೇಲೊಂದು ಕೂಡುವ ಜಾಗಗಳು, ಇಲ್ಲವೇ ಒಳಗೆ ಬಂದ ನೀರು ಹೊರಹೋಗಲಾರದ ಪೊಳ್ಳುಗಳು. ಕಿಟಕಿಯ ರಬ್ಬರ್ ಬಿರುಕುಬಿಟ್ಟಾಗ ಇಳಿಯುವ ಮಳೆನೀರು ಹೊಸ್ತಿಲಿನ ಪೊಳ್ಳಿನಲ್ಲಿ ನಿಲ್ಲುತ್ತದೆ. ಧೂಳು ಮತ್ತು ತರಗೆಲೆ ಅದನ್ನು ಸ್ಪಂಜಿನಂತೆ ಹಿಡಿದಿಡುತ್ತವೆ. ಆದ್ದರಿಂದ ತುಕ್ಕು ಸಾಮಾನ್ಯವಾಗಿ ಒಳಗಿನಿಂದ ಹೊರಕ್ಕೆ ಬರುತ್ತದೆ. ಬಣ್ಣದ ಮೇಲೆ ಒಂದು ಸಣ್ಣ ಗುಳ್ಳೆ ಕಾಣಿಸಿಕೊಳ್ಳುವ ಹೊತ್ತಿಗೆ ಅದರ ಹಿಂದಿನ ತಗಡು ಅಂಗೈಯಗಲ ಸವೆದಿರುವುದು ಅಪರೂಪವಲ್ಲ.

ಕೊಳ್ಳುವ ಮೊದಲೇ ವಾಹನವನ್ನು ಪರೀಕ್ಷಿಸಲು ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ಸಾಕು. ಅದು ಸಡಿಲವಾಗಿ ಹಿಡಿಯುವ ಅಥವಾ ಹಿಡಿಯದೆ ಜಾರುವ ಜಾಗದಲ್ಲಿ ಬಣ್ಣದ ಕೆಳಗೆ ತಗಡಿನ ಬದಲು ದಪ್ಪನೆಯ ಪುಟ್ಟಿ ಇದೆ ಎಂದರ್ಥ. ಹೊಳೆಯುವ ಹೊಸ ಬಣ್ಣದ ವಾಹನಕ್ಕಿಂತ, ತುಕ್ಕು ನೇರವಾಗಿ ಕಾಣುವ ವಾಹನವೇ ಖರೀದಿಗೆ ಹೆಚ್ಚು ಪ್ರಾಮಾಣಿಕವಾದುದು.

ಕಳಚುವಿಕೆ

ಕಳಚುವ ಮೊದಲು ಎಲ್ಲ ಕೋನಗಳಿಂದಲೂ ಛಾಯಾಚಿತ್ರ ತೆಗೆದು, ಬಾಗಿಲಿನ ಸುತ್ತಲ ಸಂದುಗಳ ಅಗಲವನ್ನು ಹಲವು ಕಡೆ ಅಳೆದು ಬರೆದಿಡುವುದು ರೂಢಿ. ಕೀಲು ಮತ್ತು ಕ್ಯಾಬ್ ಬೋಲ್ಟುಗಳ ಕೆಳಗೆ ತೆಳು ತಗಡಿನ ಪಟ್ಟಿಗಳಿದ್ದರೆ ಯಾವುದು ಎಲ್ಲಿತ್ತು, ಎಷ್ಟಿತ್ತು ಎಂದು ಗುರುತಿಸಬೇಕು. ಕಾರ್ಖಾನೆಯಲ್ಲಿ ಬಾಗಿಲನ್ನು ಸರಿಹೊಂದಿಸಿದ್ದು ಇವುಗಳ ಸಹಾಯದಿಂದಲೇ. ತುಕ್ಕಿನಿಂದ ಸಿಕ್ಕಿಕೊಂಡ ಬೋಲ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆಯನ್ನು ಹಲವು ದಿನ ಬಿಡದೆ ಹಾಕುತ್ತಾರೆ. ಆಗಲೂ ಕೆಲವು ಮುರಿಯುತ್ತವೆ.

ಈ ಸರಣಿಯಲ್ಲಿ ವಿಶೇಷ ಎಚ್ಚರಿಕೆ ಬೇಡುವ ಭಾಗ ಪೆಟ್ರೋಲ್ ಟ್ಯಾಂಕ್. 1949ರಿಂದ ಅದನ್ನು ಕ್ಯಾಬಿನ ಒಳಗೆ, ಆಸನದ ಹಿಂದೆ ನಿಲ್ಲಿಸಲಾಗಿತ್ತು. ಅಂದರೆ ದುರಸ್ತಿಗೆ ಹೆಚ್ಚು ಬರುವ ಹಿಂಬದಿ ಮೂಲೆಗಳಿಂದ ಅದಕ್ಕೆ ಕೇವಲ ಒಂದು ಗೇಣು ದೂರ. ಗ್ರೈಂಡರ್ ಅಥವಾ ವೆಲ್ಡಿಂಗ್ ಯಂತ್ರವನ್ನು ಕೈಗೆತ್ತಿಕೊಳ್ಳುವ ಮೊದಲು ಟ್ಯಾಂಕನ್ನೂ ಅದರ ಕೊಳವೆಗಳನ್ನೂ ಕಳಚಿ ಕೆಲಸದ ಜಾಗದಿಂದ ಹೊರಗಿಡಲೇಬೇಕು. ಖಾಲಿ ಟ್ಯಾಂಕ್ ಅಪಾಯಕಾರಿಯಲ್ಲ ಎಂಬ ಭಾವನೆ ತಪ್ಪು. ಹೊತ್ತಿಕೊಳ್ಳುವುದು ದ್ರವವಲ್ಲ, ಗಾಳಿಯೊಡನೆ ಬೆರೆತ ಆವಿ. ತುಂಬಿದ ಟ್ಯಾಂಕಿಗಿಂತ ಖಾಲಿಯಾದ ಟ್ಯಾಂಕಿನಲ್ಲಿ ಆ ಮಿಶ್ರಣಕ್ಕೆ ಹೆಚ್ಚು ಜಾಗವಿರುತ್ತದೆ.

ಹಳೆಯ ಬಣ್ಣ ಮತ್ತು ತುಕ್ಕು ತೆಗೆಯುವುದು

ಆ ಕಾಲದ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳು ಇರುವ ಸಾಧ್ಯತೆ ಹೆಚ್ಚು. ಒಣದಾಗಿ ಉಜ್ಜಿದರೆ ಅದರ ಧೂಳು ಉಸಿರಿನೊಡನೆ ದೇಹಕ್ಕೆ ಸೇರುತ್ತದೆ, ಬಟ್ಟೆಗೆ ಅಂಟಿ ಮನೆಯೊಳಗೂ ಬರುತ್ತದೆ. ಮಕ್ಕಳಿರುವ ಮನೆಯಲ್ಲಿ ಇದು ಗಂಭೀರ ವಿಷಯ. ಬಣ್ಣವನ್ನು ರಾಸಾಯನಿಕದಿಂದ ಮೆತ್ತಗಾಗಿಸಿ ಕೆರೆದು ತೆಗೆಯುವುದು ಅಥವಾ ನೀರು ಹಾಕಿ ಉಜ್ಜುವುದು ಸುರಕ್ಷಿತ.

ಮರಳು ಎರಚಿ ಸ್ವಚ್ಛಗೊಳಿಸುವ ವಿಧಾನ ವೇಗದ್ದಾದರೂ ಅದರ ಬಗ್ಗೆ ಎರಡು ಆಕ್ಷೇಪಗಳಿವೆ. ಬಾನೆಟ್, ಚಾವಣಿ, ಬಾಗಿಲಿನಂತಹ ಅಗಲವಾದ ತಗಡುಗಳಿಗೆ ಹೆಚ್ಚಿನ ಒತ್ತಡದಲ್ಲಿ ಕಣಗಳನ್ನು ಎರಚಿದರೆ ಅಸಂಖ್ಯ ಸಣ್ಣ ಏಟುಗಳಿಂದ ಒಂದು ಬದಿ ಹಿಗ್ಗಿ ತಗಡು ಸೊಟ್ಟಗಾಗುತ್ತದೆ. ಒಮ್ಮೆ ಹೀಗಾದರೆ ಸರಿಪಡಿಸುವುದು ಬಹಳ ಕಷ್ಟ. ಎರಡನೆಯದಾಗಿ, ಸಿಲಿಕಾ ಮರಳಿನ ಧೂಳು ಸಿಲಿಕೋಸಿಸ್ ಎಂಬ ಗುಣಪಡಿಸಲಾಗದ ಶ್ವಾಸಕೋಶದ ಕಾಯಿಲೆಗೆ ಕಾರಣ. ಆದ್ದರಿಂದ ಚಾಸಿ, ಕೀಲುಗಳಂತಹ ದಪ್ಪ ಭಾಗಗಳಿಗೆ ಮಾತ್ರ, ಅದೂ ಸಿಲಿಕಾ ಇಲ್ಲದ ಕಣಗಳಿಂದ, ಈ ವಿಧಾನವನ್ನು ಬಳಸುವುದು ಒಳಿತು.

ಸಣ್ಣ ಭಾಗಗಳಿಗೆ ನಿಧಾನದ ವಿಧಾನಗಳೇ ಉತ್ತಮ. ಸಕ್ಕರೆ ಕಾರ್ಖಾನೆಯ ಉಪೋತ್ಪನ್ನವಾದ ಕಾಕಂಬಿಯನ್ನು ಸುಮಾರು ಒಂಬತ್ತು ಪಾಲು ನೀರಿನಲ್ಲಿ ಕದಡಿ, ಅದರಲ್ಲಿ ಭಾಗವನ್ನು ಒಂದೆರಡು ವಾರ ಮುಳುಗಿಸಿಟ್ಟರೆ ತುಕ್ಕು ಕರಗಿ ಗಟ್ಟಿ ಲೋಹ ಹಾಗೆಯೇ ಉಳಿಯುತ್ತದೆ. ವಾಸನೆ ಸಹಿಸಿಕೊಳ್ಳಬೇಕು, ಅಷ್ಟೆ. ಬಟ್ಟೆ ಸೋಡಾ ಕರಗಿಸಿದ ನೀರಿನಲ್ಲಿ ತುಕ್ಕು ಹಿಡಿದ ಭಾಗವನ್ನು ಬ್ಯಾಟರಿ ಚಾರ್ಜರಿನ ಋಣ ತುದಿಗೂ ಒಂದು ಗುಜರಿ ಕಬ್ಬಿಣದ ತುಂಡನ್ನು ಧನ ತುದಿಗೂ ಜೋಡಿಸುವ ವಿದ್ಯುದ್ವಿಭಜನೆ ಇನ್ನೊಂದು ವಿಧಾನ. ಇದರಲ್ಲಿ ಜಲಜನಕ ಬಿಡುಗಡೆಯಾಗುವುದರಿಂದ ತೆರೆದ ಗಾಳಿ ಅಗತ್ಯ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಬಳಸಿದರೆ ನೀರಿನಲ್ಲಿ ವಿಷಕಾರಿ ಕ್ರೋಮಿಯಂ ಸಂಯುಕ್ತ ಸೇರುವುದರಿಂದ ಅದನ್ನು ಬಳಸಲೇಬಾರದು. ಫಾಸ್ಫಾರಿಕ್ ಆಮ್ಲವು ತೆಳುವಾದ ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಮಾರ್ಪಡಿಸುತ್ತದೆ. ಆದರೆ ಅದರ ಶೇಷವನ್ನು ಚೆನ್ನಾಗಿ ತೊಳೆಯದಿದ್ದರೆ ಮೇಲೆ ಹಚ್ಚುವ ಎಪಾಕ್ಸಿ ಪ್ರೈಮರ್ ಹಿಡಿಯದೆ ಸಿಪ್ಪೆಯಂತೆ ಏಳುತ್ತದೆ.

ಕತ್ತರಿಸುವುದು ಮತ್ತು ಬೆಸೆಯುವುದು

ಇಡೀ ಕೆಲಸದ ಸೋಲುಗೆಲುವು ಇರುವುದು ಈ ಹಂತದಲ್ಲಿ. ತೂತು ಬಿದ್ದ ತಗಡಿನ ಮೇಲೆ ಹೊಸ ತಗಡನ್ನು ಹೊದಿಸಿ ಬೆಸೆಯುವುದು ಸುಲಭ. ಆದರೆ ಎರಡರ ನಡುವೆ ಉಳಿದ ಹಳೆಯ ತುಕ್ಕು ಗಾಳಿ ನೀರು ಸಿಕ್ಕಂತೆ ಬೆಳೆಯುತ್ತಲೇ ಇರುತ್ತದೆ. ತುಕ್ಕು ತಾನು ಹುಟ್ಟಿದ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಆಕ್ರಮಿಸುವುದರಿಂದ ಅದು ಎರಡು ತಗಡುಗಳನ್ನು ಉಬ್ಬಿಸಿ ಬೇರ್ಪಡಿಸುತ್ತದೆ. ಹೀಗಾಗಿ ಶಿಥಿಲ ಭಾಗವನ್ನು ಹೊಳೆಯುವ ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿ ತೆಗೆಯುವುದೇ ಸರಿಯಾದ ಕ್ರಮ.

ಆದರೆ ಎಲ್ಲಿಂದ ಕತ್ತರಿಸಬೇಕು ಎನ್ನುವ ಮೊದಲು ಕ್ಯಾಬನ್ನು ಹೇಗೆ ಹಿಡಿದು ನಿಲ್ಲಿಸಬೇಕು ಎಂಬ ಪ್ರಶ್ನೆ ಬರುತ್ತದೆ. ಬಾಗಿಲಿನ ಚೌಕಟ್ಟನ್ನು ಕೆಳಗಿನಿಂದ ಬಿಗಿಹಿಡಿದಿರುವುದು ಹೊಸ್ತಿಲು. ಮನೆಯ ಬಾಗಿಲಿನ ಹೊಸ್ತಿಲನ್ನು ಕಿತ್ತರೆ ನಿಲುವುಗಳು ಸರಿಯುವಂತೆ, ಇಲ್ಲಿಯೂ ಹೊಸ್ತಿಲು ಹೋದೊಡನೆ ಮುಂಗಂಬ ಮತ್ತು ಹಿಂಗಂಬಗಳು ಕೆಲವು ಮಿಲಿಮೀಟರ್ ಅತ್ತಿತ್ತ ಸರಿಯುತ್ತವೆ. ಆ ಸ್ಥಿತಿಯಲ್ಲೇ ಹೊಸ ಹೊಸ್ತಿಲನ್ನು ಬೆಸೆದರೆ ತಪ್ಪು ಶಾಶ್ವತವಾಗುತ್ತದೆ. ಬಾಗಿಲು ಮೇಲಿನ ಮೂಲೆಯಲ್ಲಿ ತಾಗುತ್ತದೆ, ಕೆಳಗೆ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಕೀಲನ್ನು ಎಷ್ಟು ಹೊಂದಿಸಿದರೂ ಇದು ಸರಿಹೋಗದು. ಬಣ್ಣ ಬಳಿದ ಮೇಲೆ ಇದನ್ನು ಕಂಡುಕೊಂಡವರಿಗೆ ಉಳಿಯುವ ದಾರಿ ಮತ್ತೆ ಕತ್ತರಿಸುವುದೊಂದೇ.

ಇದನ್ನು ತಪ್ಪಿಸಲು ಕ್ಯಾಬನ್ನು ಅದರದೇ ಚಾಸಿಯ ಮೇಲೆ, ಅದರದೇ ಬೋಲ್ಟುಗಳಲ್ಲಿ ಬಿಗಿದು, ಚಾಸಿಯನ್ನು ಸಮತಟ್ಟಾಗಿ ನಿಲ್ಲಿಸಿ ಕೆಲಸ ಮಾಡಲಾಗುತ್ತದೆ. ಬಾಗಿಲಿನ ತೆರವಿಗೆ ಅಡ್ಡಲಾಗಿಯೂ ಮೂಲೆಯಿಂದ ಮೂಲೆಗೂ ಕಬ್ಬಿಣದ ಚೌಕ ಕೊಳವೆಗಳನ್ನು ತಾತ್ಕಾಲಿಕವಾಗಿ ಬೆಸೆದು, ಎಡಬಲ ಕಂಬಗಳ ನಡುವೆಯೂ ಒಂದು ಕೊಳವೆ ಕೊಡಲಾಗುತ್ತದೆ. ಒಂದು ಬದಿಯ ಕೆಲಸ ಪೂರ್ಣಗೊಳ್ಳುವವರೆಗೆ ಇನ್ನೊಂದು ಬದಿಯನ್ನು ಮುಟ್ಟುವುದಿಲ್ಲ. ಅಳತೆ ಮರೆತಾಗ ನೋಡಿಕೊಳ್ಳಲು ಅದೇ ಮಾದರಿ. ಹೊಸ ತುಂಡನ್ನು ಮೊದಲು ಇಕ್ಕಳಗಳಿಂದ ಹಿಡಿಸಿ, ಬಾಗಿಲನ್ನು ತೂಗುಹಾಕಿ ಮುಚ್ಚಿ ನೋಡಿ, ಸುತ್ತಲ ಸಂದು ಸಮನಾಗಿದ್ದರೆ ಮಾತ್ರ ಬೆಸುಗೆ. ಮಾರುಕಟ್ಟೆಯ ಪ್ರತಿರೂಪ ಭಾಗಗಳು ಹೇಳಿಮಾಡಿಸಿದಂತೆ ಹೊಂದುವುದು ಕಡಿಮೆ. ಆದ್ದರಿಂದ ಹೊಸ ತುಂಡು ಕೈಯಲ್ಲಿ ಇರುವ ಮೊದಲು ಹಳೆಯದನ್ನು ಕತ್ತರಿಸಬಾರದು. ಇಡೀ ತುಂಡನ್ನು ಹಾಕುವ ಬದಲು ಬೇಕಾದಷ್ಟನ್ನೇ ಅದರಿಂದ ಕತ್ತರಿಸಿಕೊಂಡು ಮೂಲ ತಗಡನ್ನು ಆದಷ್ಟು ಉಳಿಸಿಕೊಳ್ಳುವುದು ಜಾಣತನ.

ಕಾರ್ಖಾನೆಯಲ್ಲಿ ತಗಡುಗಳನ್ನು ಚುಕ್ಕಿ ಬೆಸುಗೆಯಿಂದ ಕೂಡಿಸಿರುವುದರಿಂದ, ಹಳೆಯ ಭಾಗ ಬಿಡಿಸಲು ಪ್ರತಿ ಚುಕ್ಕಿಯನ್ನೂ ಡ್ರಿಲ್ ಮಾಡಿ ತೆಗೆಯಬೇಕು. ಹೊಸ ಭಾಗದ ಅಂಚಿನಲ್ಲಿ ಅದೇ ಅಂತರದಲ್ಲಿ ತೂತು ಕೊರೆದು, ಆ ತೂತುಗಳನ್ನು ಬೆಸುಗೆಯಿಂದ ತುಂಬಿದರೆ ಮೂಲದ ಜೋಡಣೆಗೆ ಸಮೀಪದ ಬಲವೂ ನೋಟವೂ ಬರುತ್ತವೆ.

ಮನೆಯಲ್ಲಿ ಸಾಮಾನ್ಯವಾಗಿ ಬಳಸುವುದು ಮಿಗ್ ವೆಲ್ಡಿಂಗ್. ತೆಳು ತಗಡಿಗೆ 0.6 ಮಿ.ಮೀ. ತಂತಿಯೂ ಶೇ 75ರಷ್ಟು ಆರ್ಗಾನ್ ಮತ್ತು ಶೇ 25ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಅನಿಲವೂ ಹೊಂದುತ್ತವೆ. ಹೊಸಬರು ಮಾಡುವ ದೊಡ್ಡ ತಪ್ಪು ಒಂದೇ ಉಸಿರಿಗೆ ಉದ್ದಕ್ಕೂ ಬೆಸೆಯುವುದು. ಕಾದ ಲೋಹ ಹಿಗ್ಗಲು ಯತ್ನಿಸಿ, ಸುತ್ತಲಿನ ತಣ್ಣನೆಯ ಲೋಹ ಬಿಡದೆ ಒತ್ತಿಹಿಡಿದಾಗ ಅಲ್ಲೇ ದಪ್ಪವಾಗುತ್ತದೆ. ತಣಿಯುವಾಗ ಮೊದಲಿಗಿಂತ ಕುಗ್ಗಿ ಅಕ್ಕಪಕ್ಕದ ತಗಡನ್ನು ಎಳೆದು ಸುಕ್ಕುಗಟ್ಟಿಸುತ್ತದೆ. ಇದರ ಬದಲು ಒಂದು ಚುಕ್ಕಿ ಇಲ್ಲಿ, ಮುಂದಿನದು ಅಲ್ಲಿಂದ ಗೇಣು ದೂರದಲ್ಲಿ ಎಂಬಂತೆ ಹಾಕುತ್ತ, ಪ್ರತಿಯೊಂದೂ ಕೈಯಲ್ಲಿ ಮುಟ್ಟುವಷ್ಟು ತಣಿದ ಮೇಲೆ ನಡುವಿನ ಜಾಗವನ್ನು ಚುಕ್ಕಿಗಳಿಂದಲೇ ತುಂಬುತ್ತ ಹೋಗಬೇಕು. ಒಂದು ಮೂಲೆಯ ಬೆಸುಗೆಗೆ ಇಡೀ ದಿನ ಹಿಡಿದರೂ ಅದು ನಿಧಾನವಲ್ಲ.

ಬೆಸೆಯುವ ಮೊದಲು ಎಣ್ಣೆ ಜಿಡ್ಡನ್ನು ಒರೆಸಲು ಕ್ಲೋರಿನ್‌ಯುಕ್ತ ಬ್ರೇಕ್ ಕ್ಲೀನರ್ ಬಳಸುವುದು ಪ್ರಾಣಾಪಾಯಕಾರಿ. ಅದರ ಶೇಷವು ಬೆಸುಗೆಯ ಶಾಖ ಮತ್ತು ಅತಿನೇರಳೆ ಕಿರಣಗಳಿಂದ ಫಾಸ್ಜೀನ್ ಎಂಬ ವಿಷಾನಿಲವಾಗಿ ಮಾರ್ಪಡುತ್ತದೆ. ಸತು ಲೇಪಿತ ತಗಡನ್ನು ಬೆಸೆಯುವಾಗ ಏಳುವ ಬಿಳಿ ಹೊಗೆ ಜ್ವರ ಮತ್ತು ನಡುಕ ತರುವುದರಿಂದ ಅಂಚಿನ ಲೇಪನವನ್ನು ಮೊದಲೇ ಉಜ್ಜಿ ತೆಗೆಯಬೇಕು.

ತಗ್ಗು ತಿದ್ದುವುದು

ಭಾರತದ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಎಂದು ಕರೆಯುವ ಈ ಕೆಲಸದ ಮುಖ್ಯ ಸಾಧನಗಳು ನುಣುಪಾದ ಮುಖದ ಸುತ್ತಿಗೆ ಮತ್ತು ತಗಡಿನ ಹಿಂದೆ ಅಂಗೈಯಲ್ಲಿ ಹಿಡಿಯುವ ಡಾಲಿ ಎಂಬ ಉಕ್ಕಿನ ಗಟ್ಟಿ. ಅಪಘಾತದಲ್ಲಿ ಕೊನೆಗೆ ಆದ ಮಡಿಕೆಯನ್ನು ಮೊದಲು ಬಿಡಿಸುವುದು ಇಲ್ಲಿನ ಹಳೆಯ ನಿಯಮ. ಡಾಲಿಯನ್ನು ತಗ್ಗಿನ ಹಿಂದೆ ಒತ್ತಿಹಿಡಿದು, ಅದರ ಪಕ್ಕದ ಉಬ್ಬಿಗೆ ಸುತ್ತಿಗೆಯಿಂದ ತಟ್ಟಿದರೆ ತಗಡು ಹಿಗ್ಗದೆ ತನ್ನ ಜಾಗಕ್ಕೆ ಮರಳುತ್ತದೆ. ಡಾಲಿಯ ನೇರಕ್ಕೆ ಬಲವಾಗಿ ಹೊಡೆದರೆ ನಡುವಿನ ತಗಡು ರೊಟ್ಟಿಯಂತೆ ತೆಳುವಾಗಿ ಹರಡುತ್ತದೆ. ಹೀಗೆ ಹಿಗ್ಗಿದ ತಗಡು ಬೆರಳಿನಿಂದ ಒತ್ತಿದಾಗ ಡಬ್ಬದ ಮುಚ್ಚಳದಂತೆ ‘ಟಪ್’ ಎಂದು ಒಳಹೋಗಿ ಹೊರಬರುತ್ತದೆ. ಉಬ್ಬಿನ ನೆತ್ತಿಯನ್ನು ನಾಣ್ಯದಗಲ ಕೆಂಪಗೆ ಕಾಯಿಸಿ, ತಟ್ಟಿ, ಒದ್ದೆ ಬಟ್ಟೆಯಿಂದ ತಣಿಸಿ ಅದನ್ನು ಕುಗ್ಗಿಸಲಾಗುತ್ತದೆ.

ಪುಟ್ಟಿಯ ಸ್ಥಾನ

1950ರ ದಶಕದ ಮಧ್ಯಭಾಗದವರೆಗೆ ತಗಡಿನ ಸಣ್ಣ ಏರುತಗ್ಗುಗಳನ್ನು ಕರಗಿಸಿದ ಸೀಸ ಮತ್ತು ತವರದ ಮಿಶ್ರಲೋಹದಿಂದ ತುಂಬಲಾಗುತ್ತಿತ್ತು. ಅನಂತರ ಪಾಲಿಯೆಸ್ಟರ್ ರಾಳದ ಪುಟ್ಟಿ ಆ ಜಾಗವನ್ನು ಪಡೆಯಿತು. ಪುಟ್ಟಿಗೆ ಕೆಟ್ಟ ಹೆಸರು ಬಂದಿರುವುದು ಅದರ ದುರ್ಬಳಕೆಯಿಂದ. ಚೆನ್ನಾಗಿ ತಿದ್ದಿದ ಗಟ್ಟಿ ತಗಡಿನ ಮೇಲೆ 2–3 ಮಿ.ಮೀ. ಮೀರದಂತೆ ಹಚ್ಚಿದ ಪುಟ್ಟಿ ದಶಕಗಳ ಕಾಲ ನಿಲ್ಲುತ್ತದೆ. ತೂತು ಮುಚ್ಚಲು ಬಳಸಿದ ಪುಟ್ಟಿ ಹಿಂಬದಿಯಿಂದ ತೇವ ಹೀರಿಕೊಂಡು, ಕೆಲವೇ ಮಳೆಗಾಲಗಳಲ್ಲಿ ಬಣ್ಣಸಹಿತ ಕಳಚಿಬೀಳುತ್ತದೆ.

ಒಣಗಿದ ಪುಟ್ಟಿಯನ್ನು ಉದ್ದನೆಯ ಮಟ್ಟದ ಹಲಗೆಗೆ ಸುತ್ತಿದ 80ರ ಉಪ್ಪುಕಾಗದದಿಂದ ಕರ್ಣಗಳ ದಿಕ್ಕಿನಲ್ಲಿ ಉಜ್ಜಿ, ಕ್ರಮವಾಗಿ 180 ಮತ್ತು 320ರ ಕಾಗದಕ್ಕೆ ಬರುತ್ತಾರೆ. ಬರಿಯ ಬೆರಳುಗಳಿಂದ ಒತ್ತಿ ಉಜ್ಜಿದರೆ ಬೆರಳಿನ ಅಚ್ಚುಗಳೇ ಗೀರಾಗಿ ಉಳಿಯುತ್ತವೆ. ಪ್ರೈಮರಿನ ಮೇಲೆ ತೆಳುವಾಗಿ ಕಪ್ಪು ಬಣ್ಣ ಸಿಂಪಡಿಸಿ ಉಜ್ಜಿದರೆ, ತಗ್ಗಿದ ಜಾಗದಲ್ಲಿ ಕಪ್ಪು ಉಳಿದು ಕಣ್ಣಿಗೆ ಕಾಣದ ದೋಷವನ್ನು ತೋರಿಸಿಕೊಡುತ್ತದೆ.

ಬಣ್ಣ

ಗಟ್ಟಿ ಲೋಹಕ್ಕೆ ಎಪಾಕ್ಸಿ ಪ್ರೈಮರ್, ತಗಡುಗಳ ಕೂಡುಗೆರೆಗೆ ಸೀಲರ್, ಮೇಲೆ ಉಜ್ಜಲು ಬರುವ ದಪ್ಪ ಪ್ರೈಮರ್, ಕೊನೆಗೆ ಬಣ್ಣ ಇದು ಸಾಮಾನ್ಯ ಕ್ರಮ. ಹೊಸ್ತಿಲು ಮತ್ತು ಬಾಗಿಲಿನ ಪೊಳ್ಳುಗಳಿಗೆ ಬಣ್ಣ ಮುಗಿದ ಮೇಲೆ ಮೇಣದಂತಹ ದ್ರಾವಣ ಸಿಂಪಡಿಸಿ, ನೀರು ಇಳಿದುಹೋಗುವ ತೂತುಗಳನ್ನು ತೆರೆದಿಡಬೇಕು. ತುಕ್ಕು ಹುಟ್ಟಿದ್ದೇ ಅಲ್ಲಿ ಎಂಬುದನ್ನು ಮರೆತು ಈ ಹಂತವನ್ನು ಬಿಟ್ಟುಬಿಡುವವರೇ ಹೆಚ್ಚು.

ಇಂದಿನ ಎರಡು ಘಟಕಗಳ ಯುರೆಥೇನ್ ಬಣ್ಣಗಳ ಗಟ್ಟಿಕಾರಕದಲ್ಲಿ ಐಸೊಸಯನೇಟ್‌ಗಳಿರುತ್ತವೆ. ಇವು ಒಮ್ಮೆ ದೇಹವನ್ನು ಸೂಕ್ಷ್ಮಗೊಳಿಸಿದರೆ ಅನಂತರ ಅತ್ಯಲ್ಪ ಪ್ರಮಾಣವೂ ತೀವ್ರ ಅಸ್ತಮಾ ತರಬಲ್ಲದು. ಬಟ್ಟೆಯ ಅಥವಾ ಧೂಳಿನ ಮುಖಗವಸು ಇಲ್ಲಿ ಏನೇನೂ ಸಾಲದು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಒದಗಿಸುವ ಮುಖವಾಡ ಬೇಕು. ತಗಡಿನ ಕೆಲಸವನ್ನೆಲ್ಲ ಮನೆಯಲ್ಲಿ ಮುಗಿಸಿ, ಬಣ್ಣ ಸಿಂಪಡಿಸಲು ಮಾತ್ರ ವೃತ್ತಿಪರರಿಗೆ ಒಪ್ಪಿಸುವುದು ಈ ಕಾರಣಕ್ಕೆ ವಿವೇಕದ ನಿರ್ಧಾರ.

ಸರಕು ತೊಟ್ಟಿ

ಅಡ್ವಾನ್ಸ್ ಡಿಸೈನ್ ಪಿಕಪ್‌ಗಳ ತೊಟ್ಟಿಯ ನೆಲ ಮರದ ಹಲಗೆಗಳದ್ದು. ಹಲಗೆಗಳ ಸಂದಿನಲ್ಲಿ ಉದ್ದಕ್ಕೂ ಉಕ್ಕಿನ ಪಟ್ಟಿಗಳನ್ನು ಕೂರಿಸಿ ಬೋಲ್ಟಿನಿಂದ ಬಿಗಿಯಲಾಗಿತ್ತು. ಭಾರವಾದ ಸರಕು ಪಟ್ಟಿಗಳ ಮೇಲೆ ಜಾರುತ್ತಿದ್ದುದರಿಂದ ಮರ ಸವೆಯುತ್ತಿರಲಿಲ್ಲ. ಇಂದು ಪ್ರದರ್ಶನಗಳಲ್ಲಿ ಕಾಣುವ, ವಾರ್ನಿಷ್ ಹಚ್ಚಿ ಕನ್ನಡಿಯಂತೆ ಹೊಳೆಯಿಸಿದ ಓಕ್ ಹಲಗೆಗಳು ಈಚಿನ ರುಚಿ. ಕಾರ್ಖಾನೆಯಿಂದ ಬಂದದ್ದು ಬಣ್ಣ ಬಳಿದ ಪೈನ್. ಹಲಗೆಯ ಆರು ಮುಖಗಳಿಗೂ, ವಿಶೇಷವಾಗಿ ಕತ್ತರಿಸಿದ ತುದಿಗಳಿಗೆ, ಜೋಡಿಸುವ ಮೊದಲೇ ಬಣ್ಣ ಅಥವಾ ಎಣ್ಣೆ ಹಚ್ಚದಿದ್ದರೆ ಮರ ಹೀರಿದ ನೀರು ಕೆಳಗಿನ ಉಕ್ಕಿನ ಅಡ್ಡಪಟ್ಟಿಗಳಿಗೆ ತುಕ್ಕು ತರುತ್ತದೆ.

ಎಷ್ಟು ಜೀರ್ಣೋದ್ಧಾರ?

ಈ ಬಗ್ಗೆ ಹವ್ಯಾಸಿಗಳಲ್ಲಿ ಒಮ್ಮತವಿಲ್ಲ. ಬೋಲ್ಟಿನ ತಲೆಯ ಗುರುತಿನಿಂದ ಹಿಡಿದು ಬಣ್ಣದ ಛಾಯೆಯವರೆಗೆ ಕಾರ್ಖಾನೆಯ ಸ್ಥಿತಿಯೇ ಬೇಕೆನ್ನುವವರು ಒಂದು ಕಡೆ. ಹಳೆಯ ಬಾಡಿಯ ಕೆಳಗೆ ಆಧುನಿಕ ಎಂಜಿನ್, ಬ್ರೇಕ್ ಅಳವಡಿಸುವವರು ಇನ್ನೊಂದು ಕಡೆ. ಮಾಸಿದ ಬಣ್ಣ ಮತ್ತು ಬಾಗಿಲ ಮೇಲೆ ಹಳೆಯ ಅಂಗಡಿಯ ಹೆಸರಿನ ಅಳಿದುಳಿದ ಅಕ್ಷರಗಳನ್ನು ಹಾಗೆಯೇ ಉಳಿಸಿಕೊಂಡು, ಒಳಗಿನ ತುಕ್ಕನ್ನಷ್ಟೇ ಸರಿಪಡಿಸುವವರ ಗುಂಪು ಮೂರನೆಯದು. ಮೂಲ ಬಣ್ಣವನ್ನು ಒಮ್ಮೆ ಕೆರೆದರೆ ಮರಳಿ ತರಲಾಗದು ಎಂಬ ಇವರ ವಾದದಲ್ಲಿ ಹುರುಳಿದೆ. ಆದರೆ ಹೊರಗೆ ಏನನ್ನೇ ಉಳಿಸಿಕೊಂಡರೂ ನೆಲ, ಹೊಸ್ತಿಲು ಮತ್ತು ಕ್ಯಾಬನ್ನು ಚಾಸಿಗೆ ಬಿಗಿಯುವ ಜಾಗಗಳು ಗಟ್ಟಿಯಾಗಿರಬೇಕೆಂಬುದರಲ್ಲಿ ಮೂರು ಗುಂಪಿನವರಿಗೂ ಭಿನ್ನಾಭಿಪ್ರಾಯವಿಲ್ಲ.

ಭಾರತದಲ್ಲಿ ಈ ಆಯ್ಕೆಗೆ ಕಾನೂನಿನ ಆಯಾಮವೂ ಇದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2021ರ ಜುಲೈನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ವಾಣಿಜ್ಯೇತರ ಬಳಕೆಯ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ವಾಹನಗಳಾಗಿ ನೋಂದಾಯಿಸಬಹುದು. ಅವುಗಳ ಸಂಖ್ಯಾಫಲಕದಲ್ಲಿ ‘ವಿಎ’ ಅಕ್ಷರಗಳಿರುತ್ತವೆ, ನೋಂದಣಿ 10 ವರ್ಷ ಊರ್ಜಿತವಾಗಿರುತ್ತದೆ. ವಾಹನವು ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಮಾಡಿದ ವಾಹನ ಈ ವರ್ಗಕ್ಕೆ ಸೇರುವುದಿಲ್ಲ.